25 ಪರ್ಸೆಂಟ್ ಡ್ಯೂಟಿಗೆ 3 ವೋಲ್ಟ್ ಬರಬೇಕು, 7 ಯಾಕೆ ಬರುತ್ತಿದೆ? ಪಿಡಬ್ಲ್ಯೂಎಂ ಮೋಟಾರಿನ ಸರಾಸರಿ ವೋಲ್ಟೇಜ್ ಅಳೆಯುವಾಗಿನ ತೊಂದರೆಗಳು

ಪಿಡಬ್ಲ್ಯೂಎಂ ಅಂದರೆ ಸಪ್ಲೈಯನ್ನು ವೇಗವಾಗಿ ಆನ್-ಆಫ್ ಮಾಡಿ ಮೋಟಾರಿನ ವೇಗ ಹೊಂದಿಸುವ ವಿಧಾನ, ಪ್ರತಿ ಆವರ್ತದಲ್ಲಿ ಆನ್ ಇರುವ ಪಾಲೇ ಡ್ಯೂಟಿ. ಸಪ್ಲೈ 12 ವೋಲ್ಟ್, ಡ್ಯೂಟಿ 25 ಪರ್ಸೆಂಟ್. ಲೆಕ್ಕದ ಪ್ರಕಾರ ಮೋಟಾರಿಗೆ ಸರಾಸರಿ 3 ವೋಲ್ಟ್ ಸಿಗಬೇಕು. ಮೀಟರ್ ಹಿಡಿದರೆ ಒಬ್ಬರಿಗೆ 9 ಬರುತ್ತದೆ, ಇನ್ನೊಬ್ಬರಿಗೆ 7, ಮತ್ತೊಬ್ಬರಿಗೆ 5.2. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದಿರುವ ಹುಡುಗರು ಇಷ್ಟಕ್ಕೇ ಆನ್-ಆಫ್ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಕಿತ್ತು ಹೊಸದು ಹಾಕುತ್ತಾರೆ. ಆಗಲೂ ಅದೇ ಕಥೆ ಆದರೆ ಬೋರ್ಡನ್ನೇ ಬದಲಾಯಿಸುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆ ವ್ಯಾಪಾರ ಆಯಿತು, ಅಷ್ಟೇ.

ಈ ಸಂಖ್ಯೆಗಳು ಸುಮ್ನೆ ಬರುವುದಿಲ್ಲ. 9 ಬಂದರೆ ಕಾರಣ ಒಂದು, 5.2 ಬಂದರೆ ಇನ್ನೊಂದು, 7 ಬಂದರೆ ಬೇರೆಯೇ. ಎಷ್ಟೋ ಸಲ ಡ್ರೈವ್, ಅಂದರೆ ಮೋಟಾರ್ ಓಡಿಸುವ ಸರ್ಕ್ಯೂಟ್, ಸರಿಯಾಗಿಯೇ ಇರುತ್ತದೆ. ಹಾಗಾಗಿ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಮೀಟರ್ ತೋರಿಸಿದ ಸಂಖ್ಯೆಯನ್ನೇ ಸ್ವಲ್ಪ ವಿಚಾರಿಸಿ ನೋಡೋಣ.

ಉದಾಹರಣೆಗೆ ಎಲ್ಲರೂ ಮಾಡುವ ಸರ್ಕ್ಯೂಟನ್ನೇ ತೆಗೆದುಕೊಳ್ಳುತ್ತೇನೆ. ಆರ್ಡುಯಿನೋ ಊನೋ ಬೋರ್ಡಿನ 9ನೇ ಪಿನ್‌ನಿಂದ ಎನ್-ಚಾನೆಲ್ ಮಾಸ್‌ಫೆಟ್‌ನ ಗೇಟ್‌ಗೆ (ಅದನ್ನು ಆನ್-ಆಫ್ ಮಾಡುವ ಕಾಲು) ಒಂದು ರೆಸಿಸ್ಟರ್. ಸೋರ್ಸ್ ಗ್ರೌಂಡಿಗೆ. ಮೋಟಾರಿನ ಒಂದು ತುದಿ 12 ವೋಲ್ಟಿಗೆ, ಇನ್ನೊಂದು ತುದಿ ಡ್ರೇನ್‌ಗೆ. ಮೋಟಾರಿಗೆ ಅಡ್ಡಲಾಗಿ ಒಂದು ಫ್ರೀವೀಲ್ ಡಯೋಡ್, ಮಾಸ್‌ಫೆಟ್ ಆಫ್ ಆದಾಗ ಕಾಯಿಲಿನ ಕರೆಂಟ್ ಸುತ್ತಲು. 9ನೇ ಪಿನ್‌ನಲ್ಲಿ ಪಿಡಬ್ಲ್ಯೂಎಂ ಸುಮಾರು 490 ಹರ್ಟ್ಜ್, ಅಂದರೆ ಒಂದು ಆವರ್ತ 2.04 ಮಿಲಿಸೆಕೆಂಡ್. ಡ್ಯೂಟಿ ಹೊಂದಿಸುವ ಅನಲಾಗ್‌ರೈಟ್ ಆದೇಶಕ್ಕೆ 64 ಕೊಟ್ಟರೆ 255ರಲ್ಲಿ 64, ಹೆಚ್ಚುಕಡಿಮೆ 25 ಪರ್ಸೆಂಟ್.

ಮೊದಲು 255 ಕೊಟ್ಟು ನೋಡಿ

255 ಕೊಟ್ಟರೆ ಪಿನ್‌ನಲ್ಲಿ ಪಲ್ಸೇ ಇರುವುದಿಲ್ಲ, ಪೂರ್ತಿ ಆನ್. ಅಂದರೆ ಪಿಡಬ್ಲ್ಯೂಎಂ ಗೊಂದಲ ಒಂದೂ ಇಲ್ಲದ ಬರೀ ಡಿಸಿ. ಈಗ ಮೋಟಾರಿನ ಎರಡು ತುದಿಗಳ ನಡುವೆ ಅಳೆಯಿರಿ. ಸಪ್ಲೈ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಆಮೇಲೆ ಡ್ರೇನ್ ಮತ್ತು ಸೋರ್ಸ್ ನಡುವೆ ಅಳೆಯಿರಿ. ಐಆರ್‌ಎಲ್‌ಝಡ್44ಎನ್ ತರಹದ ಲಾಜಿಕ್ ಲೆವೆಲ್ (ಗೇಟ್‌ಗೆ 5 ವೋಲ್ಟ್ ಸಾಕಾಗುವ) ಮಾಸ್‌ಫೆಟ್ ಆಗಿದ್ದರೆ 2 ಆಂಪಿಯರ್‌ಗೆ 50 ಮಿಲಿವೋಲ್ಟ್ ಆಸುಪಾಸು ಇರುತ್ತದೆ. ಅಲ್ಲಿ 1 ವೋಲ್ಟ್, 2 ವೋಲ್ಟ್ ಕಂಡರೆ ಮಾಸ್‌ಫೆಟ್ ಪೂರ್ತಿ ತೆರೆದುಕೊಳ್ಳುತ್ತಿಲ್ಲ ಎಂದು ಅರ್ಥ. ಐಆರ್‌ಎಫ್‌ಝಡ್44ಎನ್ ಹಾಕಿದವರಿಗೆ ಇದು ಆಗಾಗ ಆಗುತ್ತದೆ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಆದರೆ ಇದರ ಥ್ರೆಶೋಲ್ಡ್ (ತೆರೆಯಲು ಶುರುವಾಗುವ ಗೇಟ್ ವೋಲ್ಟೇಜ್) 2ರಿಂದ 4 ವೋಲ್ಟ್, ಡೇಟಾಶೀಟ್‌ನಲ್ಲಿ ಕೊಟ್ಟ ಕಡಿಮೆ ರೆಸಿಸ್ಟೆನ್ಸ್ ಗೇಟ್‌ಗೆ 10 ವೋಲ್ಟ್ ಕೊಟ್ಟಾಗಿನದು. 5 ವೋಲ್ಟಿಗೆ ಅದು ಅರೆಬರೆ ತೆರೆದು ಬಿಸಿಯಾಗುತ್ತಾ ಕೂತಿರುತ್ತದೆ.

ಇಲ್ಲೇ ಸಪ್ಲೈಯನ್ನೂ ನೋಡಿಬಿಡಿ. ಮೋಟಾರ್ ಓಡುತ್ತಿರುವಾಗ ಅಡಾಪ್ಟರ್ 12ರಿಂದ 10.5ಕ್ಕೆ ಕುಸಿಯುತ್ತಿದ್ದರೆ 25 ಪರ್ಸೆಂಟಿನ ಲೆಕ್ಕವನ್ನೂ 10.5ರಿಂದಲೇ ಮಾಡಬೇಕು, ಅಲ್ವಾ?

ಈಗ 0 ಕೊಡಿ. ಮೋಟಾರ್ ನಿಂತು ರೀಡಿಂಗ್ ಸೊನ್ನೆ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಮಾಸ್‌ಫೆಟ್ ಶಾರ್ಟ್ ಆಗಿದೆ, ಇಲ್ಲವೇ ಗೇಟ್‌ಗೆ ಸಿಗ್ನಲ್ ತಲುಪದೆ ಅದು ಗಾಳಿಯಲ್ಲಿ ತೇಲುತ್ತಿದೆ. ಗೇಟ್‌ನಿಂದ ಗ್ರೌಂಡಿಗೆ 10 ಕಿಲೋಓಮ್ ಹಾಕದವರು ಈಗ ಹಾಕಿಕೊಳ್ಳಿ. ಆರ್ಡುಯಿನೋದ ಗ್ರೌಂಡ್ ಮತ್ತು 12 ವೋಲ್ಟ್ ಅಡಾಪ್ಟರಿನ ಗ್ರೌಂಡ್ ಒಂದಕ್ಕೊಂದು ಸೇರಿವೆಯೋ ಇಲ್ಲವೋ, ಅದನ್ನೂ ನೋಡಿ.

ಇನ್ನೊಂದು ಅಳತೆ ಬಾಕಿ ಇದೆ. 64ಕ್ಕೆ ಹಿಂತಿರುಗಿ 9ನೇ ಪಿನ್ ಮತ್ತು ಗ್ರೌಂಡ್ ನಡುವೆ ಡಿಸಿ ವೋಲ್ಟ್ ನೋಡಿ. 1.25 ಆಸುಪಾಸು ಬಂದರೆ ಪ್ರೋಗ್ರಾಮ್, ಪಿನ್, ಟೈಮರ್ ಎಲ್ಲಾ ಸರಿ ಇವೆ. ಅಲ್ಲಿ ಕಾಯಿಲ್ ಇಲ್ಲ, ಡಯೋಡ್ ಇಲ್ಲ, ಮೀಟರ್‌ಗೆ ತಲೆನೋವಿಲ್ಲದ ಜಾಗ. ಇದು ಸರಿ ಬಂದಮೇಲೆ ಕೋಡ್ ಕಡೆ ಮತ್ತೆ ಹೋಗುವ ಅಗತ್ಯವಿಲ್ಲ.

9 ವೋಲ್ಟ್ ಬಂದರೆ

ಕಪ್ಪು ಪ್ರೋಬ್ ಗ್ರೌಂಡಿನಲ್ಲಿದೆ, ಕೆಂಪು ಪ್ರೋಬ್ ಡ್ರೇನ್‌ನಲ್ಲಿದೆ. ನೀವು ಅಳೆಯುತ್ತಿರುವುದು ಮಾಸ್‌ಫೆಟ್ ಮೇಲಿನ ವೋಲ್ಟೇಜ್, ಮೋಟಾರಿನದಲ್ಲ. 12ರಲ್ಲಿ 3 ಮೋಟಾರಿನ ಪಾಲು, ಉಳಿದ 9 ಮಾಸ್‌ಫೆಟ್‌ನ ಪಾಲು. ಡ್ಯೂಟಿ ಜಾಸ್ತಿ ಮಾಡಿದಂತೆ ಮೋಟಾರ್ ಜೋರಾಗಿ, ರೀಡಿಂಗ್ ಮಾತ್ರ ಕೆಳಗಿಳಿದರೆ ಅನುಮಾನವೇ ಬೇಡ, ಇದೇ. ಗ್ರೌಂಡಿಗೆ ಕಪ್ಪು ಪ್ರೋಬ್ ಹಿಡಿಯುವುದು ಕೈಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಮೋಟಾರಿನ ಟರ್ಮಿನಲ್‌ಗೇ ಎರಡೂ ಪ್ರೋಬ್ ಇಡಿ: ಕೆಂಪು 12 ವೋಲ್ಟ್ ಕಡೆಗೆ, ಕಪ್ಪು ಡ್ರೇನ್ ಕಡೆಗೆ.

5.2 ಅಥವಾ 5 ಬಂದರೆ

ನಾಬ್ ಎಸಿ ಕಡೆ ಇದೆ. ಪಲ್ಸ್ ಅಂದರೆ ಎಸಿ ತಾನೇ ಎಂದುಕೊಂಡು ತಿರುಗಿಸುವವರು ಬಹಳ. ಟ್ರೂ ಆರ್‌ಎಂಎಸ್ ಮೀಟರ್ (ಅಲೆಯ ಆಕಾರ ಯಾವುದಾದರೂ ಬಿಸಿ ಹುಟ್ಟಿಸುವ ಲೆಕ್ಕದ ವೋಲ್ಟೇಜ್ ತೋರಿಸುವ ಮೀಟರ್) ಎಸಿ ರೇಂಜಿನಲ್ಲಿ ಸಾಮಾನ್ಯವಾಗಿ ಡಿಸಿ ಭಾಗವನ್ನು ತಡೆದು, ಏರಿಳಿತದ ಭಾಗವನ್ನು ಮಾತ್ರ ಅಳೆಯುತ್ತದೆ. 12 ವೋಲ್ಟಿನ 25 ಪರ್ಸೆಂಟ್ ಪಲ್ಸ್‌ಗೆ ಅದು 5.2. ಟ್ರೂ ಆರ್‌ಎಂಎಸ್ ಅಲ್ಲದ ಮೀಟರ್ ಅದೇ ಭಾಗದ ಸರಾಸರಿ ತೆಗೆದು 1.11ರಿಂದ ಗುಣಿಸುತ್ತದೆ, ಯಾಕೆಂದರೆ ಅದನ್ನು ಸೈನ್ ಅಲೆಗೆಂದು ಹೊಂದಿಸಿರುತ್ತಾರೆ. ಆಗ 5 ಬರುತ್ತದೆ. ಎರಡರಲ್ಲಿ ಯಾವುದೂ ನಮಗೆ ಬೇಕಾದ ಸಂಖ್ಯೆಯಲ್ಲ.

ಇಲ್ಲೊಂದು ಬಲೆ ಇದೆ. ಮೀಟರ್ ಸರಿ ಇದೆಯೋ ನೋಡೋಣ ಎಂದು ಡ್ಯೂಟಿಯನ್ನು 50 ಪರ್ಸೆಂಟಿಗೆ ಇಡುತ್ತೀರಿ. ಡಿಸಿ ಸರಾಸರಿ 6. ಟ್ರೂ ಆರ್‌ಎಂಎಸ್ ಮೀಟರಿನ ಎಸಿ ರೀಡಿಂಗೂ 6! ಎರಡೂ ಕೂಡಿಬರುವುದು ಅದೊಂದೇ ಜಾಗದಲ್ಲಿ. 'ಸರಿ ಇದೆಯಲ್ಲ' ಎಂದು ಮುಂದೆ ಹೋದವರು 25ರಲ್ಲೂ 75ರಲ್ಲೂ ಸಿಕ್ಕಿಬೀಳುತ್ತಾರೆ. ಎಸಿ ರೇಂಜಿನಲ್ಲಿ 50 ದಾಟಿದ ಮೇಲೆ ರೀಡಿಂಗ್ ಇಳಿಯಲು ಶುರುವಾಗುತ್ತದೆ, 100ರಲ್ಲಿ ಸೊನ್ನೆಗೆ ಬರುತ್ತದೆ. ಪರೀಕ್ಷೆಗೆ 50 ಬಿಟ್ಟು ಬೇರೆ ಯಾವ ಡ್ಯೂಟಿಯಾದರೂ ಇಟ್ಟುಕೊಳ್ಳಿ.

ಕೆಲವು ಅಗ್ಗದ ಮೀಟರ್‌ಗಳಲ್ಲಿ ಎಸಿ ಅಳೆಯಲು ಒಳಗಿರುವುದು ಒಂದೇ ಒಂದು ಡಯೋಡ್, ಡಿಸಿ ತಡೆಯುವ ಕೆಪಾಸಿಟರ್ ಇರುವುದಿಲ್ಲ. ಅವು ಸರಾಸರಿಯ 2.2 ಪಟ್ಟು ತೋರಿಸುತ್ತವೆ. 3ರ ಬದಲು 6.6! ಪ್ರೋಬ್ ಅದಲುಬದಲು ಮಾಡಿದರೆ ಸೊನ್ನೆ ಬರುತ್ತದೆ. ಮುಂದೆ ಹೇಳುವ 7ರ ಕಥೆಗೂ ಇದಕ್ಕೂ ಗೊಂದಲ ಆಗಬಾರದು ಎಂದೇ ಇದನ್ನು ಹೇಳಿದೆ.

ಹಾಗಾದರೆ ಡಿಸಿ ರೇಂಜ್ ನಂಬಬಹುದಾ? ನಂಬಬಹುದು. ಐಸಿಎಲ್7106 ತರಹದ ಚಿಪ್ ಇರುವ ಸಾಮಾನ್ಯ ಮೀಟರ್ ಸೆಕೆಂಡಿಗೆ ಎರಡೂವರೆಯಿಂದ ಮೂರು ಸಲ ಅಳೆಯುತ್ತದೆ. ಪ್ರತಿ ಸಲವೂ ಒಂದು ಕ್ಷಣದ ವೋಲ್ಟೇಜ್ ಹಿಡಿಯುವುದಿಲ್ಲ, ಸುಮಾರು 80ರಿಂದ 100 ಮಿಲಿಸೆಕೆಂಡಿನ ಉದ್ದಕ್ಕೂ ಕೂಡಿಸುತ್ತದೆ. ಅಷ್ಟರಲ್ಲಿ 490 ಹರ್ಟ್ಜ್‌ನ 40ಕ್ಕೂ ಹೆಚ್ಚು ಪಲ್ಸ್ ದಾಟಿರುತ್ತವೆ. ಸರಾಸರಿ ತಾನಾಗಿಯೇ ಬರುತ್ತದೆ. ಕಾಲೇಜು ಲ್ಯಾಬಿನಲ್ಲಿ ಮೂಲೆಗೆ ಬಿದ್ದಿರುವ ಮುಳ್ಳಿನ ಮೂವಿಂಗ್ ಕಾಯಿಲ್ ಮೀಟರ್ ಕೂಡ ಈ ಕೆಲಸಕ್ಕೆ ಒಳ್ಳೆಯದು, ಅದರ ಮುಳ್ಳು ನಿಲ್ಲುವುದೇ ಸರಾಸರಿಯ ಮೇಲೆ. ಅದನ್ನು ಗುಜರಿಗೆ ಹಾಕಬೇಡಿ.

ಡಿಸಿ ರೇಂಜಿನಲ್ಲಿ ಎಡವುವುದು ಎರಡು ಕಡೆ. ಟೈಮರ್ ಬದಲಾಯಿಸಿ 9ನೇ ಪಿನ್ನನ್ನು 30 ಹರ್ಟ್ಜ್‌ಗೆ ಇಳಿಸಿದ್ದರೆ 100 ಮಿಲಿಸೆಕೆಂಡಿನಲ್ಲಿ ಸಿಗುವುದು ಮೂರೇ ಪಲ್ಸ್, ರೀಡಿಂಗ್ ಕುಣಿಯುತ್ತದೆ. ಇನ್ನೊಂದು ಆಟೋ ರೇಂಜ್. ಸರಾಸರಿ 3 ಎಂದು ಮೀಟರ್ 4 ಅಥವಾ 6 ವೋಲ್ಟಿನ ರೇಂಜಿಗೆ ಇಳಿಯುತ್ತದೆ. ಆದರೆ ಪಲ್ಸಿನ ತಲೆ 12ರಲ್ಲಿದೆ. ಕೆಲವು ಮೀಟರ್‌ಗಳಲ್ಲಿ ಒಳಗಿನ ಸರ್ಕ್ಯೂಟ್ ಆ ತಲೆಯನ್ನು ಕತ್ತರಿಸಿಬಿಡುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ ಅಥವಾ ರೇಂಜ್ ಮೇಲೆ ಕೆಳಗೆ ಹಾರಾಡುತ್ತದೆ. ರೇಂಜ್ ಬಟನ್ ಒತ್ತಿ ಸಪ್ಲೈಗಿಂತ ದೊಡ್ಡದಾದ 20 ಅಥವಾ 60 ವೋಲ್ಟಿನ ರೇಂಜಿಗೆ ಕಟ್ಟಿಹಾಕಿ. ಸರಾಸರಿ ನೋಡಿ ರೇಂಜ್ ಆರಿಸಬಾರದು, ಪಲ್ಸಿನ ತಲೆ ನೋಡಿ ಆರಿಸಬೇಕು.

7 ಬಂದರೆ: ಇದೇ ಅಸಲಿ ವಿಷಯ

ಪ್ರೋಬ್ ಸರಿಯಾದ ಜಾಗದಲ್ಲಿದೆ, ನಾಬ್ ಡಿಸಿಯಲ್ಲಿದೆ, ರೇಂಜ್ ಕಟ್ಟಿಹಾಕಿದೆ, ಪಿನ್‌ನಲ್ಲಿ 1.25 ಬರುತ್ತಿದೆ. ಆದರೂ ಮೋಟಾರಿನ ಮೇಲೆ 7. ಮೋಟಾರ್ ಕೂಡ 25 ಪರ್ಸೆಂಟಿಗೆ ಇರಬೇಕಾದ್ದಕ್ಕಿಂತ ಜೋರಾಗಿಯೇ ತಿರುಗುತ್ತಿದೆ. ಇಲ್ಲಿ ಏನೂ ಕೆಟ್ಟಿಲ್ಲ. 7 ನಿಜವಾದ ಸರಾಸರಿ. ತಪ್ಪಿರುವುದು 3 ಎಂಬ ಲೆಕ್ಕ.

'ಡ್ಯೂಟಿ ಗುಣಿಸು ಸಪ್ಲೈ' ಎಂಬ ಸೂತ್ರದ ಒಳಗೆ ಒಂದು ಷರತ್ತು ಅಡಗಿದೆ. ಮಾಸ್‌ಫೆಟ್ ಆಫ್ ಆದಾಗ ಮೋಟಾರಿನ ಮೇಲೆ ವೋಲ್ಟೇಜ್ ಸೊನ್ನೆ ಇರಬೇಕು. ಕಾಯಿಲ್‌ನಲ್ಲಿ ಕರೆಂಟ್ ಇನ್ನೂ ಹರಿಯುತ್ತಾ ಡಯೋಡ್ ಮೂಲಕ ಸುತ್ತುತ್ತಿದ್ದರೆ ಅದು ನಿಜ, ಡಯೋಡಿನ 0.7 ವೋಲ್ಟ್ ಮೈನಸ್ ಬಿಟ್ಟರೆ ಸೊನ್ನೆಯೇ. ಆದರೆ ಲೋಡ್ ಇಲ್ಲದ ಮೋಟಾರಿನಲ್ಲಿ ಕರೆಂಟ್ ಮೊದಲೇ ಕಡಿಮೆ. 490 ಹರ್ಟ್ಜ್‌ನಲ್ಲಿ ಆಫ್ ಸಮಯ ಒಂದೂವರೆ ಮಿಲಿಸೆಕೆಂಡ್. ಅಷ್ಟರಲ್ಲಿ ಆ ಪುಟ್ಟ ಕರೆಂಟ್ ಬತ್ತಿಹೋಗುತ್ತದೆ, ಡಯೋಡ್ ಬಂದ್ ಆಗುತ್ತದೆ. ಆದರೆ ಪೆಡಲ್ ನಿಲ್ಲಿಸಿದ ಸೈಕಲ್ಲಿನಂತೆ ಮೋಟಾರ್ ಓಡುತ್ತಲೇ ಇರುತ್ತದೆ. ಓಡುವ ಮೋಟಾರ್ ಜನರೇಟರ್ ಕೂಡ ಹೌದು. ಅದು ಹುಟ್ಟಿಸುವ ವೋಲ್ಟೇಜ್, ಅಂದರೆ ಬ್ಯಾಕ್ ಇಎಂಎಫ್, ಟರ್ಮಿನಲ್‌ಗಳ ಮೇಲೆ ಬಂದು ಕೂರುತ್ತದೆ. ಮೀಟರ್ ಅದನ್ನೂ ಸೇರಿಸಿಕೊಂಡು ಸರಾಸರಿ ತೆಗೆಯುತ್ತದೆ.

ಒಂದು ಆವರ್ತವನ್ನು ಬಿಡಿಸಿ ನೋಡಿ. 0.51 ಮಿಲಿಸೆಕೆಂಡ್ 12 ವೋಲ್ಟ್. ಆಮೇಲೆ ಕರೆಂಟ್ ಬತ್ತುವವರೆಗೆ 0.3 ಮಿಲಿಸೆಕೆಂಡ್, ಮೈನಸ್ 0.7 ವೋಲ್ಟ್. ಉಳಿದ 1.23 ಮಿಲಿಸೆಕೆಂಡ್ ಬ್ಯಾಕ್ ಇಎಂಎಫ್, ಅದು 7 ವೋಲ್ಟ್ ಎಂದಿಟ್ಟುಕೊಳ್ಳಿ. ಮೊದಲನೆಯದು 6.12, ಎರಡನೆಯದು ಮೈನಸ್ 0.21, ಮೂರನೆಯದು 8.61. ಕೂಡಿಸಿ 2.04ರಿಂದ ಭಾಗಿಸಿದರೆ 7.1. ಇದರಲ್ಲಿ ದೊಡ್ಡ ಪಾಲು ಯಾವುದು ನೋಡಿ. ಸಪ್ಲೈ ಕೊಟ್ಟದ್ದಕ್ಕಿಂತ ಮೋಟಾರ್ ತಾನೇ ಹುಟ್ಟಿಸಿದ್ದು ಜಾಸ್ತಿ!

ಇದನ್ನು ಖಚಿತ ಮಾಡಿಕೊಳ್ಳಲು ಸ್ಕೋಪ್ (ಆಸಿಲೋಸ್ಕೋಪ್) ಬೇಕೇಬೇಕು ಎಂದಿಲ್ಲ. ಮೋಟಾರಿನ ಶಾಫ್ಟಿಗೆ ಲೋಡ್ ಕೊಡಿ. ಸಣ್ಣ ಮೋಟಾರಾದರೆ ಬಟ್ಟೆ ಸುತ್ತಿದ ಬೆರಳುಗಳಿಂದ ಹಗುರವಾಗಿ ಒತ್ತಿದರೆ ಸಾಕು. ದೊಡ್ಡದಕ್ಕೆ, ಗೇರ್ ಇರುವುದಕ್ಕೆ ಕೈ ಹಾಕಬೇಡಿ. ಕರೆಂಟ್ ಏರುತ್ತದೆ, ಆಫ್ ಸಮಯ ಪೂರ್ತಿ ಹರಿಯುತ್ತದೆ, ಬ್ಯಾಕ್ ಇಎಂಎಫ್ ಹೊರಗೆ ಇಣುಕಲು ಜಾಗವೇ ಸಿಗುವುದಿಲ್ಲ. ರೀಡಿಂಗ್ 7ರಿಂದ ಜಾರಿ 3ರ ಕಡೆ ಬರುತ್ತದೆ. ಪೂರ್ತಿ ಲೋಡಿನಲ್ಲಿ ಅದು 3ಕ್ಕೂ ಸ್ವಲ್ಪ ಕೆಳಗೆ, 2.5ರ ಹತ್ತಿರ ನಿಂತರೆ ಅದೂ ಸರಿಯೇ. ಆಫ್ ಇರುವ ಮುಕ್ಕಾಲು ಭಾಗ ಸಮಯದಲ್ಲಿ ಡಯೋಡಿನ ಮೈನಸ್ 0.7 ಸೇರುವುದರಿಂದ ಅರ್ಧ ವೋಲ್ಟ್ ಕಳೆಯುತ್ತದೆ. 1ಎನ್5822 ತರಹದ ಶಾಟ್ಕಿ ಡಯೋಡ್ ಹಾಕಿದರೆ ಈ ನಷ್ಟ ಕಡಿಮೆ.

ಇದಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಬಲ್ಬಿನದು. ಮೋಟಾರ್ ಬಿಚ್ಚಿ ಆ ಜಾಗಕ್ಕೆ ಬೈಕಿನ 12 ವೋಲ್ಟ್ 10 ವಾಟ್ ಇಂಡಿಕೇಟರ್ ಬಲ್ಬ್ ಹಾಕಿ. ಎಲ್ಇಡಿ ಬೇಡ, ತಂತಿಯ ಬಲ್ಬೇ ಆಗಬೇಕು. ಬಲ್ಬಿಗೆ ಬ್ಯಾಕ್ ಇಎಂಎಫ್ ಇಲ್ಲ, ಕಾಯಿಲಿನ ಗುಣವೂ ಹೇಳಿಕೊಳ್ಳುವಷ್ಟಿಲ್ಲ. ಈಗ ಡಿಸಿ ರೇಂಜಿನಲ್ಲಿ 3 ಬರಲೇಬೇಕು. ಬಂದರೆ ಮಾಸ್‌ಫೆಟ್, ಪಿನ್, ವೈರಿಂಗ್ ಎಲ್ಲ ಸರಿ, ಮೋಟಾರಿನ ಮೇಲೆ ಬಂದ 7 ಮೋಟಾರಿನ ಸ್ವಭಾವ. ಬಲ್ಬಿನಲ್ಲೂ 7 ಬಂದರೆ ಡ್ರೈವಿನಲ್ಲೇ ದೋಷ ಇದೆ. ಅಂದಹಾಗೆ, ಮೀಟರ್ 3 ತೋರಿಸಿದರೂ ಬಲ್ಬ್ 6 ವೋಲ್ಟ್ ಕೊಟ್ಟಷ್ಟು ಬೆಳಗುತ್ತದೆ. ಬಿಸಿಗೂ ಬೆಳಕಿಗೂ ಆರ್‌ಎಂಎಸ್ ಲೆಕ್ಕ, ಈ ಪಲ್ಸಿನ ಪೂರ್ತಿ ಆರ್‌ಎಂಎಸ್ 6. ಮೋಟಾರಿನ ವೇಗಕ್ಕೆ ಸರಾಸರಿಯೇ ಲೆಕ್ಕ.

ಲೋಡ್ ಇಲ್ಲದಾಗಲೂ ಡ್ಯೂಟಿಗೆ ತಕ್ಕ ರೀಡಿಂಗ್ ಬೇಕು ಎಂದರೆ ಪಿಡಬ್ಲ್ಯೂಎಂ ವೇಗ ಹೆಚ್ಚಿಸಿ. ಊನೋದ 9 ಮತ್ತು 10ನೇ ಪಿನ್‌ಗಳನ್ನು 31 ಕಿಲೋಹರ್ಟ್ಜ್‌ಗೆ ಏರಿಸಬಹುದು. ಆಫ್ ಸಮಯ ಅಷ್ಟು ಚಿಕ್ಕದಾದರೆ ಕರೆಂಟ್ ಬತ್ತಲು ಬಿಡುವೇ ಸಿಗದು, ಕಿವಿಗೆ ಕೊರೆಯುವ ಸದ್ದೂ ನಿಲ್ಲುತ್ತದೆ. ಆದರೆ ಗೇಟ್‌ಗೆ ಪಿಸಿ817 ಆಪ್ಟೋ (ಸಿಗ್ನಲನ್ನು ಬೆಳಕಿನಿಂದ ದಾಟಿಸುವ ಚಿಪ್) ಮೂಲಕ ಸಿಗ್ನಲ್ ಕೊಡುತ್ತಿದ್ದರೆ ಜೋಪಾನ. ಅದು ಆಫ್ ಆಗಲು ಹತ್ತಾರು ಮೈಕ್ರೋಸೆಕೆಂಡ್ ಎಳೆಯಬಹುದು, 31 ಕಿಲೋಹರ್ಟ್ಜ್‌ನ ಇಡೀ ಆವರ್ತವೇ 32 ಮೈಕ್ರೋಸೆಕೆಂಡ್. ನೀವು 25 ಕೊಟ್ಟರೂ ಮೋಟಾರಿಗೆ ಸಿಗುವುದು ಎಷ್ಟೋ ಏನೋ. 1ಎನ್4007 ಡಯೋಡ್ ಕೂಡ ಆ ವೇಗಕ್ಕೆ ನಿಧಾನವಾಯಿತು. ಯುಎಫ್4007 ಅಥವಾ ಶಾಟ್ಕಿ ಹಾಕಿ.

'ಪಲ್ಸ್ ನಯ ಮಾಡೋಣ' ಎಂದು ಮೋಟಾರಿಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವವರಿದ್ದಾರೆ. ಅದು ಪ್ರತಿ ಪಲ್ಸಿನಲ್ಲೂ 12 ವೋಲ್ಟಿಗೆ ತುಂಬಿಕೊಂಡು ಆಫ್ ಸಮಯದಲ್ಲಿ ಮೋಟಾರಿಗೆ ಉಣಿಸುತ್ತದೆ. ರೀಡಿಂಗ್ 7 ಅಲ್ಲ, 10 ದಾಟಬಹುದು. ಮಾಸ್‌ಫೆಟ್‌ಗೆ ಪ್ರತಿ ಸಲ ಕರೆಂಟಿನ ಏಟು ಬೇರೆ. ಬ್ರಶ್‌ನ ಕಿಡಿಯ ಗದ್ದಲ ತಗ್ಗಿಸಲು 104 ನಂಬರಿನ ಸಿರಾಮಿಕ್ ಸಾಕು.

ಕಡಿಮೆ ಬಂದರೆ

ಬಲ್ಬಿನಲ್ಲಿ 3, ಆದರೆ ಲೋಡ್ ಹಾಕಿದ ಮೋಟಾರಿನಲ್ಲಿ 2ಕ್ಕಿಂತ ಕೆಳಗೆ, ಮಾಸ್‌ಫೆಟ್ ಮುಟ್ಟಲಾಗದಷ್ಟು ಬಿಸಿ. ಡಯೋಡ್ ನೋಡಿ. ಇಲ್ಲವೇ ಇಲ್ಲ, ಅಥವಾ ಕಾಲು ಬಿಟ್ಟಿದೆ, ಅಥವಾ ಒಳಗೆ ಓಪನ್ ಆಗಿದೆ. ಡಯೋಡ್ ಇಲ್ಲದಿದ್ದರೆ ಕಾಯಿಲ್‌ನ ಕರೆಂಟ್ ಮಾಸ್‌ಫೆಟ್ಟನ್ನೇ ಒಡೆದುಕೊಂಡು ಹೋಗುತ್ತದೆ. 55 ವೋಲ್ಟಿನ ಮಾಸ್‌ಫೆಟ್ ಆದರೆ ಆ ಕ್ಷಣ ಮೋಟಾರಿನ ಮೇಲೆ ಮೈನಸ್ 40ಕ್ಕೂ ಮೀರಿ ಬರುತ್ತದೆ, ಅದು ಸರಾಸರಿಯನ್ನು ಕೆಳಗೆಳೆಯುತ್ತದೆ. ಡಯೋಡ್ ಉಲ್ಟಾ ಹಾಕಿದ್ದರೆ ಮೀಟರ್ ಬೇಕಾಗಿಲ್ಲ, ಹೊಗೆಯೇ ಹೇಳುತ್ತದೆ.

ಎಲ್298ಎನ್ ಮೋಟಾರ್ ಡ್ರೈವರ್ ಮಾಡ್ಯೂಲ್ ಬಳಸುವವರ ಕಥೆ ಬೇರೆ. ಅದರೊಳಗೆ ಇರುವುದು ಮಾಸ್‌ಫೆಟ್ ಅಲ್ಲ, ಹಳೇ ಟ್ರಾನ್ಸಿಸ್ಟರ್. 1 ಆಂಪಿಯರ್‌ಗೇ 2 ವೋಲ್ಟಿನಷ್ಟು, ಕೆಲವು ಸಲ 3ರಷ್ಟು ನುಂಗುತ್ತದೆ. 12 ಕೊಟ್ಟರೆ ಮೋಟಾರಿಗೆ 10 ಎಂದೇ ಲೆಕ್ಕ ಹಿಡಿಯಿರಿ. ಪಲ್ಸ್ ಯಾವ ಪಿನ್ನಿಗೆ ಕೊಡುತ್ತೀರಿ ಎಂಬುದೂ ಮುಖ್ಯ. ಎನೇಬಲ್ ಪಿನ್ನಿಗೆ ಕೊಟ್ಟರೆ ಆಫ್ ಸಮಯದಲ್ಲಿ ಎಲ್ಲ ಟ್ರಾನ್ಸಿಸ್ಟರೂ ಬಂದ್, ಕರೆಂಟ್ ಸಪ್ಲೈ ಕಡೆಗೇ ಉಲ್ಟಾ ನುಗ್ಗಿ ಬೇಗ ಬತ್ತುತ್ತದೆ, ಆಮೇಲೆ ಮತ್ತೆ ಬ್ಯಾಕ್ ಇಎಂಎಫ್ ಇಣುಕುತ್ತದೆ. ಎನೇಬಲ್ ಸದಾ ಆನ್ ಇಟ್ಟು ಇನ್‌ಪುಟ್ ಪಿನ್ನಿಗೆ ಪಲ್ಸ್, ಇನ್ನೊಂದು ಇನ್‌ಪುಟ್ ಗ್ರೌಂಡಿಗೆ ಕೊಟ್ಟರೆ ಆಫ್ ಸಮಯದಲ್ಲಿ ಮೋಟಾರಿನ ಎರಡೂ ತುದಿ ಗ್ರೌಂಡ್ ಕಡೆ ಸೇರಿಕೊಳ್ಳುತ್ತವೆ, ರೀಡಿಂಗ್ ಡ್ಯೂಟಿಗೆ ಹತ್ತಿರ ಬರುತ್ತದೆ. ಅದೇ ಮೋಟಾರ್, ಅದೇ 25 ಪರ್ಸೆಂಟ್, ಎರಡು ರೀತಿಗೆ ಎರಡು ರೀಡಿಂಗ್. ಎರಡೂ ಸರಿ.

ರೀಡಿಂಗ್ ನಿಲ್ಲುತ್ತಲೇ ಇಲ್ಲ ಎಂದರೆ

ಮೀಟರಿನ ಮುಂದೆ ಒಂದು ಚಿಕ್ಕ ಫಿಲ್ಟರ್ ಕಟ್ಟಿ. ಮೋಟಾರಿನ ಒಂದು ತುದಿಯಿಂದ 100 ಕಿಲೋಓಮ್ ರೆಸಿಸ್ಟರ್, ಅದರ ಇನ್ನೊಂದು ಕೊನೆಯಿಂದ ಮೋಟಾರಿನ ಮತ್ತೊಂದು ತುದಿಗೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್. ಮೀಟರ್ ಕೆಪಾಸಿಟರ್ ಮೇಲೆ. ಟೈಮ್ ಕಾನ್‌ಸ್ಟಂಟ್ 100 ಮಿಲಿಸೆಕೆಂಡ್, ಅರ್ಧ ಸೆಕೆಂಡ್ ಕಾದರೆ ರೀಡಿಂಗ್ ನಿಲ್ಲುತ್ತದೆ. 10 ಮೆಗಾಓಮ್ ಇನ್‌ಪುಟ್ ಇರುವ ಮೀಟರ್ 1 ಪರ್ಸೆಂಟ್ ಕಡಿಮೆ ತೋರಿಸುತ್ತದೆ, ಅದನ್ನು ಲೆಕ್ಕದಲ್ಲಿ ಸೇರಿಸಿಕೊಂಡರಾಯಿತು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬೇಡ. ಎಚ್-ಬ್ರಿಡ್ಜ್‌ನಲ್ಲಿ (ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸುವ ಸರ್ಕ್ಯೂಟ್) ಮೋಟಾರ್ ಉಲ್ಟಾ ತಿರುಗಿದರೆ ಅದಕ್ಕೆ ಉಲ್ಟಾ ವೋಲ್ಟೇಜ್ ಬೀಳುತ್ತದೆ.

ಸ್ಕೋಪ್ ಇದ್ದವರು ಕಪ್ಲಿಂಗ್ ಡಿಸಿಯಲ್ಲಿಟ್ಟು 'ಮೀನ್' (ಸರಾಸರಿ) ಅಳತೆ ನೋಡಬಹುದು, ಪರದೆ ಮೇಲೆ ಹಲವು ಪಲ್ಸ್ ಇರಲಿ. ಪ್ರೋಬಿನ ಗ್ರೌಂಡ್ ಕ್ಲಿಪ್ಪನ್ನು ಮಾತ್ರ ಡ್ರೇನ್‌ಗೆ ಕಚ್ಚಿಸಬೇಡಿ. ಸ್ಕೋಪಿನ ಕ್ಲಿಪ್ ಗೋಡೆಯ ಅರ್ತ್‌ಗೆ ಸೇರಿರುತ್ತದೆ. ಅರ್ತ್ ಇರುವ ಚಾರ್ಜರಿನ ಲ್ಯಾಪ್‌ಟಾಪಿನಿಂದ ಆರ್ಡುಯಿನೋಗೆ ಯುಎಸ್‌ಬಿ ಹಾಕಿದ್ದರೆ ಅದರ ಗ್ರೌಂಡೂ ಅಲ್ಲಿಗೇ ಸೇರುತ್ತದೆ. ಮಾಸ್‌ಫೆಟ್ ಶಾರ್ಟ್ ಆದಂತಾಗಿ ಮೋಟಾರ್ ಫುಲ್ ಸ್ಪೀಡಿನಲ್ಲಿ ಓಡುತ್ತದೆ. ಎರಡು ಚಾನೆಲ್ ಬಳಸಿ, ಎರಡೂ ಕ್ಲಿಪ್ ಗ್ರೌಂಡಿನಲ್ಲಿಟ್ಟು, ಒಂದರಿಂದ ಇನ್ನೊಂದನ್ನು ಕಳೆಯುವ ಮ್ಯಾಥ್ ಹಾಕಿ.

ವಿಎಫ್‌ಡಿ ಇದ್ದರೆ

ಮೂರು ಫೇಸ್ ಮೋಟಾರಿನ ವಿಎಫ್‌ಡಿ (ಫ್ರೀಕ್ವೆನ್ಸಿ ಬದಲಿಸಿ ವೇಗ ಹೊಂದಿಸುವ ಡ್ರೈವ್) ಔಟ್‌ಪುಟ್‌ಗೆ ಇದೇ ರೀತಿ ಡಿಸಿ ರೇಂಜ್ ಇಟ್ಟು ಹೋಗಬೇಡಿ. ಅಲ್ಲಿ ಎರಡು ಫೇಸ್ ನಡುವಿನ ಸರಾಸರಿ ಸೊನ್ನೆ, ಸಿಗುವುದು ಸೊನ್ನೆಯ ಆಸುಪಾಸು. ಮಾಮೂಲಿ ಎಸಿ ರೇಂಜಿನಲ್ಲಿ ಪಲ್ಸಿನ ಗದ್ದಲವೆಲ್ಲ ಸೇರಿ ಡ್ರೈವಿನ ಡಿಸ್‌ಪ್ಲೇಯಲ್ಲಿ ಇರುವುದಕ್ಕಿಂತ ಜಾಸ್ತಿ ಬರಬಹುದು. ಲೋ-ಪಾಸ್ ಫಿಲ್ಟರ್ ಬಟನ್ ಇರುವ ಮೀಟರ್ ಬೇಕು. ಆದರೆ ಮೊದಲು ಫಿಲ್ಟರ್ ಇಲ್ಲದೆ ಅಳೆದು ಎಷ್ಟು ವೋಲ್ಟೇಜ್ ಇದೆ ಎಂದು ತಿಳಿದುಕೊಳ್ಳಿ, ಫಿಲ್ಟರ್ ಅಪಾಯದ ವೋಲ್ಟೇಜನ್ನೂ ಮುಚ್ಚಿಡಬಹುದು. 415 ವೋಲ್ಟಿನ ಡ್ರೈವ್ ಒಳಗಿನ ಡಿಸಿ ಬಸ್ 585ರ ಹತ್ತಿರ, 230ರ ಒಂದು ಫೇಸಿನ ಡ್ರೈವಿನಲ್ಲಿ 325. ಮೇನ್ಸ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ಡ್ರೈವಿನ ಮೇಲೆ ಬರೆದಷ್ಟು ನಿಮಿಷ ಕಾಯಿರಿ, ಡಿಸಿ ಬಸ್ ಟರ್ಮಿನಲ್ ಅಳೆಯಿರಿ, ಸೊನ್ನೆಯ ಹತ್ತಿರ ಬಂದ ಮೇಲೆ ವೈರಿಗೆ ಕೈ ಹಾಕಿ.